ಹಡಗಿನ ದಾರಿ

ಇಬ್ಬರ ಕಯಾಕ್ ದೋಣಿಗಳೂ ಹಡಗಿನ ದಾರಿಯ ಅಂಚಿನಲ್ಲಿ ನಿಂತು ಗಂಟೆಯಾಗಿತ್ತು. ಮೂರು ಹಡಗು ಹೋದವು, ಈಗ ನಾಲ್ಕನೆಯದು ಕಾಣಿಸುತ್ತಿತ್ತು. ಹುಟ್ಟು ಹಿಡಿದು ಹಿಡಿದು ಕಲಿಯಲು ಬಂದ ಹುಡುಗಿಯ ತೋಳುಗಳು ಸೋತಿದ್ದವು.

“ಅಷ್ಟು ದೂರ ಇದೆಯಲ್ಲ ಸರ್, ದಾಟಿಬಿಡೋಣ.”

“ಹತ್ತು ನಿಮಿಷದಲ್ಲಿ ತಲೆ ಮೇಲಿರುತ್ತೆ. ಕಾಯಮ್ಮ,” ಎಂದರು ದೋಣಿ ಕಲಿಸುವ ಮುದುಕರು. ಅವರ ದನಿಯೂ ಬಳಲಿತ್ತು.

“ಕೇಸರಿ ಜಾಕೆಟ್ ಹಾಕಿದ್ದೀವಿ. ಅವರಿಗೆ ಕಾಣಲ್ವಾ?”

“ಕಾಣಲ್ಲ.”

“ರೇಡಾರು, ದುರ್ಬೀನು ಎಲ್ಲ ಇಟ್ಕೊಂಡೂ ಕಾಣಲ್ವಾ? ಯಾರು ಹೇಳಿದ್ದು ನಿಮಗೆ?”

ಮುದುಕರು ಹಡಗಿನಿಂದ ಕಣ್ಣು ಕೀಳಲಿಲ್ಲ.

“ಕ್ಯಾಪ್ಟನ್ ಆಗಿದ್ದಾಗ ನನ್ನ ಹತ್ರಾನೂ ಎಲ್ಲ ಇತ್ತಮ್ಮ. ಬಂದರು ಮುಟ್ಟಿದ ಮೇಲೇ ನೋಡಿದ್ದು, ಹಡಗಿನ ಮೂತಿಗೆ ಯಾರದೋ ದೋಣಿಯ ಬಲೆ ಸಿಕ್ಕಿಕೊಂಡು ನೇತಾಡ್ತಿತ್ತು.”