ನಲವತ್ತೊಂದು ವೈಫಲ್ಯಗಳು

ಹನ್ನೆರಡನೆಯ ಇ-ಮೇಲ್ ಬಂದಾಗ ಮಧುಕರ್ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಆಫೀಸಿನಲ್ಲಿ ಮೀಟಿಂಗಿಗೆ ಕೂತಿದ್ದ. ಕಳುಹಿಸಿದವರ ಹೆಸರು ಎಂದಿನಂತೆ ‘ಹಿತೈಷಿ’. ‘ಅಧ್ಯಕ್ಷರು ಯುಗಾದಿಯನ್ನು ಮೇ ತಿಂಗಳಿಗೆ ತಳ್ಳಿದ್ದು ಸಭಾಂಗಣ ಸಿಗದೆ ಅಲ್ಲ. ಬುಕ್ ಮಾಡಲು ಮರೆತು.’

ಮಧುಕರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಧ್ಯಕ್ಷರೆಂದರೆ ವೈಟ್‌ಹೌಸಿನವರಲ್ಲ, ಪೂರ್ವಗುಡ್ಡ ಕನ್ನಡ ಬಳಗದ ಸಂಗನಬಸಪ್ಪ. ವಾಷಿಂಗ್ಟನ್ನಿನ ಅಧ್ಯಕ್ಷರ ಮೇಲೆ ಬಳಗದ ಯಾರಿಗೂ ಇಷ್ಟು ಸಿಟ್ಟು ಬಂದದ್ದಿಲ್ಲ.

ಮಧುಕರನ ಸಿಟ್ಟಿಗೆ ಕಾರಣವಿತ್ತು. ಆ ಯುಗಾದಿಯಂದು ಅವನ ಮಗಳು ಮಾನ್ಯಾ ಕುಣಿಯತೊಡಗಿ ಎರಡು ನಿಮಿಷವಾಗಿರಲಿಲ್ಲ. ಸಂಗನಬಸಪ್ಪ ಹಾಡು ನಿಲ್ಲಿಸಿ, ನೆರೆಯ ತೆಲುಗು ಸಂಘದ ಅಧ್ಯಕ್ಷರನ್ನು ಭಾಷಣಕ್ಕೆ ಕರೆದರು. ಭಾಷಣ ನಲವತ್ತು ನಿಮಿಷ! ಎಂಟು ವರ್ಷದ ಹುಡುಗಿ ಗೆಜ್ಜೆ ಬಿಚ್ಚದೆ ಮನೆಯವರೆಗೂ ಕಾರಿನಲ್ಲಿ ಅತ್ತಳು. “ಐ ವಾಸಂಟ್ ಈವನ್ ಡನ್, ಅಪ್ಪಾ.”

ಅಂದು ಮಧುಕರ್ ಕೆಂಡವಾಗಿ ಎದುರು ನಿಂತಾಗ ಸಂಗನಬಸಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬೆನ್ನು ತಟ್ಟಿದ್ದರು. “ನಿಮ್ಮಂಥಾ ಸಿಟ್ಟಿನ ಮಂದೀನ ಬೇಕ್ರೀ ಬಳಗಕ್ಕ.”

ಎಂಥ ಕೊಬ್ಬು! ಈ ಮನುಷ್ಯನನ್ನು ಕುರ್ಚಿಯಿಂದ ಇಳಿಸಿಯೇ ತೀರುತ್ತೇನೆಂದು ಮಧುಕರ್ ಶಪಥ ಮಾಡಿದ. ಮರುವಾರವೇ ಹಿತೈಷಿಯ ಮೊದಲ ಪತ್ರ ಬಂತು.

“ಕಮಿಟಿ ಒಳಗಿನವ್ರೇ ಯಾರೋ ಕಣೇ,” ಎಂದ ಹೆಂಡತಿಗೆ.

“ಅವ್ರಿಗೇನಂತೆ ಲಾಭ?” ಎಂದಳು ಕಾವ್ಯಾ. ಮಧುಕರ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗಸ್ಟಿನಲ್ಲಿ ಸರ್ವಸದಸ್ಯರ ಸಭೆ. ಲಿವರ್‌ಮೋರಿನ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಂದು ಮಧುಕರ್ ಸಭೆಯ ಮುಂದೆ ಲ್ಯಾಪ್‌ಟಾಪ್ ತೆರೆದ. ಅಧ್ಯಕ್ಷರ ನಲವತ್ತೊಂದು ವೈಫಲ್ಯ, ಎರಡು ಭಾಗ.

“ಒಳಾಡಳಿತ! ಮೂರು ವರ್ಷದಿಂದ ಬರೀ ರೊಟ್ಟಿ. ಮಂಡ್ಯ, ಹಾಸನದವ್ರಿಗೆ ಒಂದೇ ಒಂದು ಮುದ್ದೆ ಇಲ್ಲ. ಹೋಳಿಗೆ ತಟ್ಟಿದವ್ರಿಗೇ ಹೋಳಿಗೆ ಸಿಗ್ಲಿಲ್ಲ. ಇನ್ನು ವಿದೇಶಾಂಗ ನೀತಿ! ತೆಲುಗು ಸಂಘಕ್ಕೆ ನಮ್ಮ ಪಾರ್ಕಿಂಗೇ ಬಿಟ್ಕೊಟ್ರು. ತಮಿಳು ಸಂಘದಿಂದ ತಂದ ಮೈಕು ಇನ್ನೂ ವಾಪಸ್ ಹೋಗಿಲ್ಲ!”

ಸಂಗನಬಸಪ್ಪ ತಲೆ ತಗ್ಗಿಸಿದರು. “ಖರೇ ಅದರೀ. ಮೈಕು ಒಂದಲ್ಲ, ಎರಡು.”

ಸಭೆ ದಂಗಾಯಿತು. ಅವರು ಅಲ್ಲೇ ರಾಜೀನಾಮೆ ಕೊಟ್ಟರು. ಬಳಗದಲ್ಲಿ ಮತದಾನವೆಂಬುದು ನಡೆದದ್ದೇ ಇಲ್ಲ. ಎಲ್ಲರಿಗಿಂತ ಹಿರಿಯರಾದ ಮುನಿರಾಜು ಎದ್ದು ನಿಂತರು. “ತಪ್ಪು ಕಂಡುಹಿಡಿದೋನೇ ಸರಿ ಮಾಡ್ಲಿ. ಏನಂತೀರಿ?”

ಚಪ್ಪಾಳೆ. ಹಾರ. “ಅಯ್ಯೋ, ನಂಗ್ಯಾಕೆ...” ಎನ್ನುತ್ತಲೇ ಮಧುಕರ್ ಕೊರಳು ಬಾಗಿಸಿದ. ಮಾನ್ಯಾ ಕುರ್ಚಿ ಹತ್ತಿ ಕುಣಿದಳು.

ಸಂಗನಬಸಪ್ಪ ಬಳಗದ ಪಾತ್ರೆಪಡಗ ಇಡುವ ಕೋಣೆಯ ಬೀಗದ ಕೈಯನ್ನೂ ಅಂಟಿಸಿದ ಲಕೋಟೆಯೊಂದನ್ನೂ ಕೊಟ್ಟರು. “ಈಗ ತೆಗೀಬ್ಯಾಡ್ರಿ. ಸಾಕಾತಪ್ಪಾ ಅನ್ನಿಸಿದ ದಿನ ತೆಗೀರಿ.” ಆಮೇಲೆ ಅರವತ್ತೆರಡರ ಆ ಮನುಷ್ಯ ಕಾರಿನತ್ತ ಓಡಿದರು. ನಿಜವಾಗಿಯೂ ಓಡಿದರು.

ದೀಪಾವಳಿಗೆ ಮಾನ್ಯಾ ಹದಿನೈದು ನಿಮಿಷ ಪೂರ್ತಿ ಕುಣಿದಳು. ಮಧುಕರನ ಕಣ್ಣು ತುಂಬಿತು. ಅಷ್ಟರಲ್ಲಿ ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿ, ಅನುರಾಗ್ ಎಂಬವರ ಮಗಳ ಹಾಡನ್ನು ಪಲ್ಲವಿಗೇ ನಿಲ್ಲಿಸಬೇಕಾಯಿತು. ಭಾಷಣಕ್ಕೆ ಅವಕಾಶ ಸಿಗದ ತೆಲುಗು ಸಂಘದವರು ಊಟ ಮಾಡದೆ ಎದ್ದರು. ಮುದ್ದೆ ಗಂಟಾಗಿತ್ತು. ರೊಟ್ಟಿಯವರು ರೊಟ್ಟಿ ಎಲ್ಲಿ ಎಂದರು. ಸೋಮವಾರ ಬೆಳಿಗ್ಗೆ ಮೊಬೈಲು ನೋಡಿದರೆ ಮುನ್ನೂರ ಹನ್ನೆರಡು ಮೆಸೇಜುಗಳು, ಒಂದರಲ್ಲೂ ಒಳ್ಳೆಯ ಮಾತಿಲ್ಲ.

ಮಧುಕರ್ ಲಕೋಟೆ ಒಡೆದ. ಒಳಗೆ ಮಾಸಿದ ಚೀಟಿ. ಅದರಲ್ಲಿ ಒಂದು ಇ-ಮೇಲ್ ವಿಳಾಸ, ಪಾಸ್‌ವರ್ಡು. ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಬಳಗದ ಹಿಂದಿನ ಐದೂ ಅಧ್ಯಕ್ಷರ ಸಹಿ. ಕೊನೆಯದು ಸಂಗನಬಸಪ್ಪನವರದು. ವಿಳಾಸ ಅವನಿಗೆ ಗೊತ್ತಿದ್ದದ್ದೇ: ಹಿತೈಷಿ.

ದೀಪಾವಳಿಯಂದು ಮಗಳ ಹಾಡು ನಿಂತಾಗ ಅನುರಾಗ್ ಸಿಟ್ಟಿನಲ್ಲಿ ಕೆಂಪಾಗಿ ಎದುರು ನಿಂತಿದ್ದು ನೆನಪಾಯಿತು. ಮಧುಕರ್ ಕುರ್ಚಿ ಎಳೆದುಕೊಂಡು ಟೈಪ್ ಮಾಡತೊಡಗಿದ: ‘ಪ್ರಿಯ ಅನುರಾಗ್ ಅವರೇ, ಅಧ್ಯಕ್ಷ ಮಧುಕರರ ಆಡಳಿತದ ಬಗ್ಗೆ ನಿಮಗೆ ಗೊತ್ತಿಲ್ಲದ ಕೆಲವು ಸಂಗತಿಗಳಿವೆ...’