ನಾಳೆಯಿಂದ ಲೈಸೆನ್ಸ್

ಡಾಕ್ಟರು ಅಮಾನತಾದರೆ ವೈದ್ಯಕೀಯ ಮಂಡಳಿ ಅವರ ಬೆರಳುಗಳ ಸ್ಪರ್ಶವನ್ನೂ ಕಿತ್ತುಕೊಳ್ಳುತ್ತದೆ. ರೋಗಿಯನ್ನು ನೋಡದೆ ಫೋನಿನಲ್ಲೇ ಮಾತ್ರೆ ಹೇಳಿದ್ದಕ್ಕೆ ಡಾ. ಜಲಜಾಕ್ಷಿ ಒಂದು ವರ್ಷ ಅಮಾನತಾಗಿ, ಚಪಾತಿ ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಮಗಳನ್ನು ಕೇಳಿಯೇ ತಿಳಿಯಬೇಕಾಯಿತು.

ಇವತ್ತು ಮಂಡಳಿಯ ಕಚೇರಿಯಲ್ಲಿ ಸ್ಪರ್ಶ ವಾಪಸು ಕೊಟ್ಟರು. ಪರೀಕ್ಷೆಗೆಂದು ಗುಮಾಸ್ತ ತಿಪ್ಪೇಸ್ವಾಮಿ ಎಂದಿನಂತೆ ತನ್ನ ಕೈ ಚಾಚಿದ.

"ನಾಡಿ ಸಿಕ್ತಾ ಮೇಡಂ?"

ಸಿಕ್ಕಿತು. ಆದರೆ ನಡುನಡುವೆ ತಪ್ಪುತ್ತಿತ್ತು.

"ತಿಪ್ಪೇಸ್ವಾಮಿ, ನಿಮಗೆ..."

"ಲೈಸೆನ್ಸ್ ನಾಳೆಯಿಂದ ಮೇಡಂ. ಇವತ್ತು ಕಾಯಿಲೆ ಮಾತಾಡಿದ್ರೆ ಇನ್ನೊಂದು ವರ್ಷ," ಎಂದ ಅವನು ಆಕಳಿಸುತ್ತ.

ಜಲಜಾಕ್ಷಿ ಮೇಜಿನ ಮೇಲೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಮಂಡಳಿಯ ಮೈಕನ್ನು ನೋಡಿ ನಿಟ್ಟುಸಿರುಬಿಟ್ಟರು.

"ಇವತ್ತೇ ಹೃದಯದ ಡಾಕ್ಟರಿಗೆ ತೋರಿಸಿ. ನಾಳೆವರೆಗೆ ಕಾಯಬೇಡಿ."

ಬೆರಳುಗಳು ಮತ್ತೆ ಮರಗಟ್ಟಿದವು. ಅವನ ಕೈಯನ್ನು ಇನ್ನೂ ಹಿಡಿದಿದ್ದೇನೆ ಎಂಬುದು ಅವರಿಗೆ ಕಣ್ಣಿನಿಂದಷ್ಟೇ ತಿಳಿಯಿತು.