ದೋಣಿಯ ಪುಸ್ತಕ

“ಈ ಸಲ ಆ ದೋಣಿಯ ಪುಸ್ತಕವನ್ನೂ ನೋಡಿ ಸಾರ್,” ಎಂದಳು ದೇಯಿ.

ಕಪಾಟಿಗೆ ಚಾಚಿದ್ದ ಗುಮಾಸ್ತ ಲೋಕನಾಥನ ಕೈ ನಿಂತಿತು. ದೇಯಿಯ ಗಂಡ ಮುದ್ದು ಎಂಬವನು ಮೀನಿಗೆ ಹೋದ ದೋಣಿ ಮುಳುಗಿದ್ದು ಎಪ್ಪತ್ತನಾಲ್ಕರಲ್ಲಿ. ಅಂದಿನಿಂದ ಏಳು ವರ್ಷ, ಪ್ರತಿವರ್ಷವೂ ಅತ್ತೆ ಅಪ್ಪಿಯನ್ನು ಕರೆದುಕೊಂಡು ಬಂದರಿನ ದಕ್ಕೆಯ ಈ ಕಚೇರಿಗೆ ಬರುತ್ತಿದ್ದಳು. ಸತ್ತವರ ಹೆಸರಿನ ಪಟ್ಟಿಯಲ್ಲಿ ‘ಮ’ ಅಕ್ಷರದ ಪುಟ ತೆಗೆದು, ಬೆರಳಾಡಿಸಿ, ಅವನು ‘ಇಲ್ಲ’ ಎನ್ನುತ್ತಿದ್ದ. ಮೊದಲ ವರ್ಷ ಆ ಮಾತು ಕೇಳಿ ಮುದುಕಿ ಅಲ್ಲೇ ಕುಸಿದಿದ್ದಳು. ಪಾಪ, ಸಂತೋಷಕ್ಕೆ ಎಂದುಕೊಂಡಿದ್ದ.

ಈಗ ತವರೂರು ಕುಲಶೇಖರದಿಂದ ದೇಯಿಯ ತಾಯಿ ಹೇಳಿಕಳಿಸಿದ್ದಳು. ಗಂಡ ಸತ್ತದ್ದು ಖಚಿತವಾದರೆ ಮಗಳನ್ನು ಕಟ್ಟಿಕೊಂಡು ತಾಯಿಮನೆಗೆ ಬಾ, ಬೇರೆ ಸಂಬಂಧ ನೋಡುವ ಎಂದು. ಇಲ್ಲವಾದರೆ ಕರಿಮಣಿ ಹಾಕಿಕೊಂಡು ಕಾಯಲೇಬೇಕು. ಇಪ್ಪತ್ತಾರರ ಹೆಣ್ಣು ಎಷ್ಟು ಅಂತ ಕಾದಾಳು!

“ಹೆಸರಿನದ್ದು ನೋಡಿದ್ರೆ ಸಾಕಲ್ಲ ಮಗಾ. ಉರ್ವದ ಬಸ್ಸು ತಪ್ತದೆ,” ಎಂದಳು ಬೆಂಚಿನಲ್ಲಿದ್ದ ಅಪ್ಪಿ. ಈ ಸೊಸೆ, ಮೊಮ್ಮಗಳನ್ನು ಬಿಟ್ಟರೆ ಅವಳಿಗೆ ಲೋಕದಲ್ಲಿ ಯಾರೂ ಇರಲಿಲ್ಲ.

ಲೋಕನಾಥ ಮುಳುಗಿದ ಒಂದೊಂದು ದೋಣಿಗೂ ಒಂದು ಪುಟವಿದ್ದ ಆ ಪುಸ್ತಕ ಇಳಿಸಿ ಮುದ್ದುವಿನ ದೋಣಿಯ ನಂಬರು ಹುಡುಕಿದ. ‘ಮುದ್ದು, ಪ್ರಾಯ ಇಪ್ಪತ್ತೆಂಟು. ಹತ್ತನೇ ದಿನ ಶವ ಸಿಕ್ಕಿದೆ.’

ಅಯ್ಯೋ ದೇವರೇ! ಹೆಸರಿನ ಪಟ್ಟಿ ಮಾಡಿದ ಹಳೆಯ ಗುಮಾಸ್ತ ಘಟ್ಟದ ಮೇಲಿನವ. ಮುದ್ದು ಎಂದರೆ ಅವನಿಗೆ ಮಕ್ಕಳನ್ನು ಕರೆಯುವ ಮಾತು, ಹೆಸರಲ್ಲ. ಸರಿಯಾದ ಹೆಸರು ಸಿಕ್ಕಿದ ಮೇಲೆ ಬರೆಯುವ ಎಂದು ಬಿಟ್ಟಿದ್ದಿರಬೇಕು. ಬಿಟ್ಟದ್ದು ಬಿಟ್ಟೇ ಹೋಗಿತ್ತು. ತಾನಾದರೂ ಒಮ್ಮೆ ಈ ಪುಸ್ತಕ ತೆಗೆಯಬಾರದಿತ್ತೇ?

“ಉಂಟು ದೇಯಕ್ಕ,” ಎಂದ.

ದೇಯಿ ಮೇಜಿನ ಅಂಚು ಹಿಡಿದುಕೊಂಡಳು. ಅಳು ಬರಲು ಹೊತ್ತು ಹಿಡಿಯಿತು. ಆಗ ತಾನು ಬಾಣಂತಿ, ಕುಲಶೇಖರದಲ್ಲಿ ಮಲಗಿದ್ದೆ, ಸುಡುವ ಮೊದಲು ಅವರ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುವ ಭಾಗ್ಯವೂ ಇಲ್ಲದೆ ಹೋಯಿತಲ್ಲ ಎಂದು ಬಿಕ್ಕಿದಳು.

“ದಿಕ್ಕಿಲ್ಲದವರ ಹಾಗೆ ಸುಟ್ರಾ ಸಾರ್? ಯಾರ ಕೈಗೆ ಕೊಟ್ರು ಅವರನ್ನು?”

ಬೆಂಚಿನಲ್ಲಿ ಅಪ್ಪಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಲೋಕನಾಥ ಕೊನೆಯ ಕಾಲಮಿಗೆ ಬೆರಳು ಸರಿಸಿದ: ‘ಶವ ಪಡೆದವರು, ತಾಯಿ ಅಪ್ಪಿ’, ಅದರ ಪಕ್ಕ ನೀಲಿ ಶಾಯಿಯ ಹೆಬ್ಬೆಟ್ಟಿನ ಗುರುತು.